ಆನ್‌ಲೈನ್ ಫಿಟ್ನೆಸ್ ಪ್ಲಾನ್ ನಂಬಬಹುದೇ? ದುಡ್ಡು ಕಟ್ಟುವ ಮುನ್ನ ನೋಡಬೇಕಾದ ವಿಷಯಗಳು

ಮೊಬೈಲಿನಲ್ಲಿ ಒಮ್ಮೆ 'ಹೊಟ್ಟೆ ಕರಗಿಸುವುದು ಹೇಗೆ' ಎಂದು ಹುಡುಕಿ ನೋಡಿ. ಆಮೇಲೆ ಒಂದು ವಾರ ಫೋನ್ ತುಂಬ ಅದೇ ಜಾಹೀರಾತು. 30 ದಿನದಲ್ಲಿ 10 ಕಿಲೋ ಇಳಿಸಿ, 90 ದಿನದಲ್ಲಿ ಸಿಕ್ಸ್ ಪ್ಯಾಕ್ ಮಾಡಿ, ಮದುವೆಗೆ ಮುಂಚೆ ಸ್ಲಿಮ್ ಆಗಿ. ಕೆಳಗೆ ಒಂದು ಕ್ಯೂಆರ್ ಕೋಡ್, 'ಇವತ್ತು ರಾತ್ರಿ 12 ಗಂಟೆವರೆಗೆ ಮಾತ್ರ ಈ ದರ' ಎಂಬ ಎಚ್ಚರಿಕೆ. ಮಂಗಳೂರಿನ ಹುಡುಗನಿಗೂ ಇದೇ ಬರುತ್ತದೆ, ಗಲ್ಫಿನ ರೂಮಿನಲ್ಲಿ ಡ್ಯೂಟಿ ಮುಗಿಸಿ ಮಲಗಿದವನಿಗೂ ಇದೇ, ವಯನಾಡಿನ ತೋಟದ ಮನೆಯ ಹುಡುಗಿಗೂ ಇದೇ.

ದೇಹ ಸರಿಯಾಗಿಟ್ಟುಕೊಳ್ಳಬೇಕು ಎಂಬ ಆಸೆ ಒಳ್ಳೆಯದೇ. ನಮ್ಮ ಮನೆಗಳಲ್ಲಿ ಶುಗರ್, ಬಿಪಿ ಮಾತ್ರೆಯ ಡಬ್ಬಿ ಇಲ್ಲದ ಮನೆ ಹುಡುಕುವುದೇ ಕಷ್ಟ. ಹಾಗಾಗಿ ವ್ಯಾಯಾಮ ಬೇಡ ಎನ್ನುವ ಲೇಖನ ಇದಲ್ಲ. ದುಡ್ಡು ಮತ್ತು ದೇಹ ಎರಡನ್ನೂ ಯಾರ ಕೈಗೆ ಕೊಡುತ್ತಿದ್ದೀರಿ ಎಂದು ಹೇಗೆ ಪರೀಕ್ಷಿಸುವುದು ಎಂಬುದನ್ನು ವಯನಾಡನ್ನು ಮುಂದಿಟ್ಟುಕೊಂಡು ಇಲ್ಲಿ ನೋಡೋಣ.

ವಯನಾಡೇ ಯಾಕೆ?

ಕುಟ್ಟ ದಾಟಿದರೆ, ಬಾವಲಿ ದಾಟಿದರೆ, ಗುಂಡ್ಲುಪೇಟೆಯಿಂದ ಕಾಡಿನ ರಸ್ತೆ ಹಿಡಿದರೆ ಸಿಗುವ ಜಿಲ್ಲೆ ಅದು. ಕಲ್ಪೆಟ್ಟ, ಸುಲ್ತಾನ್ ಬತ್ತೇರಿ, ಮಾನಂತವಾಡಿ ಈ ಮೂರೇ ನಗರಸಭೆಗಳು. ಉಳಿದದ್ದು ಗುಡ್ಡ, ಕಾಫಿ, ಚಹಾ, ಗದ್ದೆ. ಇಂಥ ಕಡೆ ತರಬೇತಿ ಪಡೆದ ಕೋಚ್‌ನನ್ನೋ ಡಯಟೀಷಿಯನ್‌ನನ್ನೋ ಎದುರು ಕೂತು ಕೇಳಬೇಕಾದರೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕು. ಫೋನಿನಲ್ಲಿ ಪ್ಲಾನ್ ತರಿಸುವುದು ಸುಲಭ. ಕೊಡಗಿನ, ಸುಳ್ಯದ, ಬೆಳ್ತಂಗಡಿಯ ಒಳಊರುಗಳಲ್ಲೂ ಪರಿಸ್ಥಿತಿ ಹೆಚ್ಚು ಬೇರೆಯಿಲ್ಲ.

ಎರಡನೇ ಕಾರಣ ಇನ್ನೂ ಗಂಭೀರ. ವಯನಾಡಿನ ಬುಡಕಟ್ಟು ಜನರಲ್ಲಿ ಮತ್ತು ವಯನಾಡನ್ ಚೆಟ್ಟಿ ಸಮುದಾಯದಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆ ಹೆಚ್ಚು. ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ, ವಿಪರೀತ ದಣಿದರೆ, ಚಳಿ ಹಿಡಿದರೆ ಸಹಿಸಲಾಗದ ನೋವು ಬರುತ್ತದೆ. ಇಂಥವರಿಗೆ 'ಮೊದಲ ದಿನದಿಂದಲೇ ಫುಲ್ ಸ್ಪೀಡ್' ಎನ್ನುವ ಪ್ಲಾನ್ ಅಪಾಯ. ಕೇಂದ್ರ ಸರಕಾರ 2023ರ ಜುಲೈ 1ರಂದು ಈ ಕಾಯಿಲೆಯ ನಿರ್ಮೂಲನಕ್ಕೆಂದೇ ರಾಷ್ಟ್ರೀಯ ಅಭಿಯಾನ ಶುರು ಮಾಡಿದೆ. ಆದರೆ ಎಲ್ಲೋ ದೂರದ ನಗರದಲ್ಲಿ ಕೂತು ಪಿಡಿಎಫ್ ಮಾರುವವನಿಗೆ ಇದರ ಗಂಧಗಾಳಿಯೂ ಇರುವುದಿಲ್ಲ.

ಮೂರನೆಯದು ವಯನಾಡಿನ ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ 2025ರ ಮಾರ್ಚ್‌ನಲ್ಲಿ ನಡೆದದ್ದು. 18 ವರ್ಷದ ವಿದ್ಯಾರ್ಥಿನಿಯೊಬ್ಬಳು ತೂಕ ಹೆಚ್ಚಾಗುವ ಭಯದಲ್ಲಿ ತಿಂಗಳುಗಟ್ಟಲೆ ಊಟ ಬಿಟ್ಟು ಕೊನೆಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆನ್‌ಲೈನ್‌ನಲ್ಲಿ ನೋಡಿದ ಡಯಟ್ ಪಾಲಿಸುತ್ತಿದ್ದಳು ಎಂದು ಸಂಬಂಧಿಕರು ಹೇಳಿದ್ದು ಆಗ ಪತ್ರಿಕೆಗಳಲ್ಲಿ ಬಂತು. ಅನೋರೆಕ್ಸಿಯಾ ಎಂಬ ಮಾನಸಿಕ ಕಾಯಿಲೆ ಇದ್ದಿರಬಹುದು ಎಂದು ವೈದ್ಯರು ಶಂಕಿಸಿದರು. ಊಟ ಬಿಡುತ್ತಿರುವ ಮಗುವಿಗೆ 'ಇನ್ನೂ ಕಡಿಮೆ ತಿನ್ನು' ಎಂದು ಹೇಳುವ ವಿಡಿಯೋಗೆ, ಎದುರಿನಲ್ಲಿ ಇರುವುದು ಯಾರು ಎಂದು ಗೊತ್ತಿರುವುದಿಲ್ಲ. ಮನೆಯಲ್ಲಿ ಉಮ್ಮನಿಗೆ ಗೊತ್ತಾಗುತ್ತದೆ, ವಿಡಿಯೋಗೆ ಗೊತ್ತಾಗುವುದಿಲ್ಲ.

ಈ ಮೂರರಿಂದಲೂ ಸಿಗುವ ಅಳತೆಗೋಲು ಒಂದೇ: ಒಳ್ಳೆಯ ಸೈಟ್ ನಿಮಗೆ ಹೇಳುವ ಮೊದಲು ನಿಮ್ಮನ್ನು ಕೇಳುತ್ತದೆ. ನೀವು ತಿರುಗಿ ಕೇಳಿದರೆ ಹೆಸರು, ವಿಳಾಸ ಸಮೇತ ಉತ್ತರ ಕೊಡುತ್ತದೆ. ಮುಂದಿನ ಎಲ್ಲ ಪರೀಕ್ಷೆಗಳೂ ಇದರ ವಿವರಣೆ ಅಷ್ಟೇ.

1. ನಿಮ್ಮನ್ನು ಏನು ಕೇಳಿತು?

ಪ್ಲಾನ್ ಕೊಡುವ ಮೊದಲು ವಯಸ್ಸು, ಎತ್ತರ, ತೂಕ ಕೇಳುವುದು ಎಲ್ಲರೂ ಮಾಡುತ್ತಾರೆ. ಅದು ಸಾಲದು. ವ್ಯಾಯಾಮ ಶುರು ಮಾಡುವವರಿಗೆಂದು ಪಾರ್-ಕ್ಯೂ ಎಂಬ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ ಮುಖ್ಯವಾಗಿ 7 ಪ್ರಶ್ನೆ: ಹೃದ್ರೋಗ ಅಥವಾ ಬಿಪಿ ಇದೆಯೇ, ಎದೆನೋವು ಬರುತ್ತದೆಯೇ, ತಲೆಸುತ್ತಿ ಬಿದ್ದದ್ದುಂಟೇ, ಬೇರೆ ದೀರ್ಘಕಾಲದ ಕಾಯಿಲೆ ಇದೆಯೇ, ಅದಕ್ಕೆ ಔಷಧಿ ತಗೊಳ್ತಿದ್ದೀರಾ, ಮೂಳೆ ಕೀಲಿನ ತೊಂದರೆ ಇದೆಯೇ, ವೈದ್ಯರ ನಿಗಾದಲ್ಲಿ ಮಾತ್ರ ವ್ಯಾಯಾಮ ಮಾಡಬೇಕು ಎಂದು ಡಾಕ್ಟರ್ ಹೇಳಿದ್ದಾರೆಯೇ. ಯಾವುದಕ್ಕಾದರೂ 'ಹೌದು' ಎಂದರೆ ಮೊದಲು ವೈದ್ಯರನ್ನು ಕಾಣಿ ಎನ್ನುವ ಸೈಟ್ ಒಂದು ಹೆಜ್ಜೆ ಮುಂದೆ. ಏನು ಉತ್ತರ ಕೊಟ್ಟರೂ ನೇರ ಪೇಮೆಂಟ್ ಪುಟಕ್ಕೆ ಒಯ್ಯುವ ಸೈಟಿನಲ್ಲಿ ಆ ಪ್ರಶ್ನೆಗಳು ಬರೀ ಅಲಂಕಾರ.

ಇನ್ಸುಲಿನ್ ಅಥವಾ ಶುಗರ್ ಇಳಿಸುವ ಕೆಲವು ಮಾತ್ರೆ ತಗೊಳ್ಳುವವರು ಊಟವನ್ನೂ ಕಡಿಮೆ ಮಾಡಿ ವ್ಯಾಯಾಮವನ್ನೂ ಹೆಚ್ಚಿಸಿದರೆ ಶುಗರ್ ಒಮ್ಮೆಲೇ ಕುಸಿದು ಪ್ರಜ್ಞೆ ತಪ್ಪಬಹುದು. ಔಷಧಿಯ ಪ್ರಮಾಣ ಬದಲಿಸಬೇಕಾದೀತು, ಅದನ್ನು ಮಾಡಬೇಕಾದವರು ವೈದ್ಯರು.

ಬದುಕಿನ ರೀತಿಯನ್ನೂ ಕೇಳಬೇಕು. ಮೇಪ್ಪಾಡಿಯ ಚಹಾ ತೋಟದಲ್ಲಿ ದಿನವಿಡೀ ಗುಡ್ಡ ಹತ್ತಿ ಇಳಿಯುವವರಿಗೂ ಆಫೀಸಿನ ಕುರ್ಚಿಯಲ್ಲಿ ಕೂತವರಿಗೂ ಒಂದೇ ಪ್ಲಾನ್ ಹೇಗೆ ಆಗುತ್ತದೆ? ಕಾಫಿ ಕೊಯ್ಲಿನ ಸಮಯದಲ್ಲಿ ಮೂಟೆ ಹೊರುವವನಿಗೆ ಸಂಜೆ ಮತ್ತೆ ಒಂದು ಗಂಟೆ ಭಾರ ಎತ್ತಲು ಹೇಳಿದರೆ ಬೆನ್ನು ಹೋಗುತ್ತದೆ. ರಮಝಾನ್ ಬಂದಾಗ 'ದಿನಕ್ಕೆ 6 ಸಲ ತಿನ್ನಿ, 2 ಗಂಟೆಗೊಮ್ಮೆ ನೀರು ಕುಡಿಯಿರಿ' ಎಂಬ ಪ್ಲಾನ್ ಏನಾಗುತ್ತದೆ ಎಂದು ಸೈಟಿಗೆ ಕೇಳಿ ನೋಡಿ. ಉಪವಾಸದ ತಿಂಗಳಿಗೆ ಸಮಯ, ಭಾರ, ನೀರು ಹೇಗೆ ಬದಲಿಸುತ್ತೀರಿ ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ಕೋಚ್‌ನ ಅರ್ಧ ಯೋಗ್ಯತೆ ಗೊತ್ತಾಗುತ್ತದೆ.

2. ಭರವಸೆಯ ಲೆಕ್ಕ ಹಾಕಿ

'ತಿಂಗಳಿಗೆ 10 ಕಿಲೋ' ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕಡಿತ ಆಗಬೇಕು. 10 ಕಿಲೋಗೆ 77,000. 30 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 2,560 ಕ್ಯಾಲರಿ. ನಮ್ಮಲ್ಲಿ ಅನೇಕರು ಇಡೀ ದಿನ ತಿನ್ನುವುದೇ ಅದಕ್ಕಿಂತ ಕಡಿಮೆ. ಅಂದರೆ ಏನೂ ತಿನ್ನದೆ ಕೂತರೂ ಲೆಕ್ಕ ಸರಿಹೋಗುವುದಿಲ್ಲ. ತಕ್ಕಡಿಯಲ್ಲಿ ಮೊದಲ ವಾರ ಸರ್ರನೆ ಇಳಿಯುವುದು ಹೆಚ್ಚಿನಂಶ ನೀರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ 17 ಅಂಶಗಳ ಆಹಾರ ಮಾರ್ಗಸೂಚಿ ಹೊರತಂದಿದೆ. ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಕೆ ಸುರಕ್ಷಿತ, ತೂಕ ಇಳಿಸುವ ಊಟವೂ ದಿನಕ್ಕೆ 1,000 ಕ್ಯಾಲರಿಗಿಂತ ಕಡಿಮೆ ಇರಬಾರದು ಎಂಬುದು ಆ ಸಂಸ್ಥೆಯ ಸಲಹೆ. ಈ ಎರಡು ಅಂಕಿ ನೆನಪಿಟ್ಟುಕೊಂಡರೆ ಅರ್ಧದಷ್ಟು ಜಾಹೀರಾತು ಅಲ್ಲೇ ಬಿದ್ದುಹೋಗುತ್ತದೆ.

ದೇಹ ಕಟ್ಟಲು ಎಷ್ಟು ಕಾಲ ಬೇಕು ಎಂಬುದಕ್ಕೂ ವಯನಾಡಿನಲ್ಲೇ ಸಾಕ್ಷಿ ಇದೆ. ಸುಲ್ತಾನ್ ಬತ್ತೇರಿ ಕಡೆಯ ಟಿ. ಗೋಪಿ 2017ರಲ್ಲಿ ಚೀನಾದ ಡೊಂಗ್‌ಗುವಾನ್‌ನಲ್ಲಿ ಏಷ್ಯನ್ ಮ್ಯಾರಥಾನ್ ಚಾಂಪಿಯನ್‌ಶಿಪ್ ಗೆದ್ದ ಮೊದಲ ಭಾರತೀಯ ಪುರುಷ. ಮಾನಂತವಾಡಿಯ ಮಿನ್ನು ಮಣಿ 2023ರ ಜುಲೈನಲ್ಲಿ ಭಾರತ ಮಹಿಳಾ ಕ್ರಿಕೆಟ್ ತಂಡದಲ್ಲಿ ಆಡಿದರು, ಆಗ ಅವರಿಗೆ 24 ವರ್ಷ. ಬಾಲ್ಯದಲ್ಲಿ ಗದ್ದೆಯಲ್ಲಿ ಹುಡುಗರ ಜೊತೆ ಶುರುವಾದ ಆಟ ಅದು. ವರ್ಷಗಟ್ಟಲೆ ತರಬೇತಿ, ಪಕ್ಕದಲ್ಲಿ ನಿಂತು ತಪ್ಪು ತಿದ್ದುವ ಕೋಚ್. ಇದನ್ನು 90 ದಿನಕ್ಕೆ ಇಳಿಸಿ ಮಾರುವವನ ಬಳಿ ಏನಿದೆ ಎಂದು ಕೇಳುವ ಹಕ್ಕು ನಿಮಗಿದೆ.

3. ಕೋಚ್ ಯಾರು?

'ಸರ್ಟಿಫೈಡ್ ಎಕ್ಸ್‌ಪರ್ಟ್' ಎಂದು ಬರೆದರೆ ಸಾಲದು. ಯಾವ ಸಂಸ್ಥೆ, ಯಾವ ವರ್ಷ, ಸರ್ಟಿಫಿಕೇಟ್ ನಂಬರ್ ಎಷ್ಟು? ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇರಬಹುದು, ಕ್ರೀಡೆ ಮತ್ತು ಫಿಟ್ನೆಸ್ ಕ್ಷೇತ್ರದ ಕೌಶಲ ಮಂಡಳಿಯ ಪ್ರಮಾಣಪತ್ರ ಇರಬಹುದು, ಹೊರದೇಶದ ಸಂಸ್ಥೆಯದ್ದೂ ಇರಬಹುದು. ಯಾವುದಾದರೂ ಸರಿ, ಕೊಟ್ಟವರ ಬಳಿ ವಿಚಾರಿಸಲು ಆಗುವಂತಿರಬೇಕು. ವ್ಯಾಯಾಮದ ಸರ್ಟಿಫಿಕೇಟ್ ಇದ್ದವನು ಶುಗರ್ ರೋಗಿಗೆ ಊಟದ ಪಟ್ಟಿ ಬರೆದುಕೊಡುತ್ತಿದ್ದರೆ ಅದು ಬೇರೆಯವರ ಕೆಲಸ ಎಂದು ತಿಳಿಯಿರಿ. ಡಯಟೀಷಿಯನ್ ಪದವಿ ಬೇರೆಯೇ ಇದೆ.

ಕಾನೂನಿನ ಬೆಂಬಲವೂ ಇದೆ. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಆಗಸ್ಟ್ 10ರಂದು ಆರೋಗ್ಯ ಸಲಹೆ ಕೊಡುವ ಇನ್‌ಫ್ಲುಯೆನ್ಸರ್‌ಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ವೈದ್ಯರೋ ಫಿಟ್ನೆಸ್ ತಜ್ಞರೋ ಎಂದು ಹೇಳಿಕೊಳ್ಳುವವರು ತಮ್ಮ ಅರ್ಹತೆ ತಿಳಿಸಬೇಕು. ಅರ್ಹತೆ ಇಲ್ಲದೆ ತಜ್ಞರಂತೆ ಮಾತಾಡುವವರು, ಇದು ವೈದ್ಯಕೀಯ ಸಲಹೆಗೆ ಬದಲಿಯಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. 'ದಿನಾ ನಡೆಯಿರಿ, ನೀರು ಕುಡಿಯಿರಿ' ಎಂಬಂಥ ಸಾಮಾನ್ಯ ಮಾತಿಗೆ, ಅದರ ಹಿಂದೆ ಮಾರಾಟದ ಸರಕು ಇಲ್ಲದಿದ್ದರೆ, ಈ ನಿಯಮ ಬರುವುದಿಲ್ಲ. ಶುಗರ್, ಬೊಜ್ಜು ಗುಣಪಡಿಸುವ ಔಷಧಿ ಎಂದು ಜಾಹೀರಾತು ಹಾಕುವುದಕ್ಕೆ 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮೆಡೀಸ್ ಕಾಯ್ದೆಯಲ್ಲೇ ನಿಷೇಧ ಇದೆ. ಆ ಪದ ಕಂಡರೆ ಸೈಟ್ ಮುಚ್ಚಿಬಿಡಿ.

4. ಹೆಸರು, ವಿಳಾಸ, ದೂರು ಕೇಳುವವರು

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ವಸ್ತು ಅಥವಾ ಸೇವೆ ಮಾರುವ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ಕಚೇರಿ ವಿಳಾಸ, ಇಮೇಲ್, ಫೋನ್ ಮತ್ತು ದೂರು ಪರಿಹಾರ ಅಧಿಕಾರಿಯ ಹೆಸರನ್ನು ಸೈಟಿನಲ್ಲಿ ಕಾಣುವಂತೆ ಹಾಕಬೇಕು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಪುಟದ ತಳಕ್ಕೆ ಹೋಗಿ ನೋಡಿ. ಒಂದು ವಾಟ್ಸ್‌ಆ್ಯಪ್ ನಂಬರ್ ಬಿಟ್ಟು ಬೇರೇನೂ ಇಲ್ಲದಿದ್ದರೆ, ನಾಳೆ ಆ ನಂಬರ್ ಸ್ವಿಚ್ ಆಫ್ ಆದರೆ ನೀವು ಯಾರನ್ನು ಹುಡುಕುತ್ತೀರಿ?

ಜಿಎಸ್‌ಟಿ ನಂಬರ್ ಹಾಕಿದ್ದರೆ ಅದರಲ್ಲಿ 15 ಅಕ್ಷರ, ಅಂಕಿ ಇರುತ್ತವೆ. ಮೊದಲ ಎರಡು ರಾಜ್ಯದ ಸಂಕೇತ: ಕೇರಳಕ್ಕೆ 32, ಕರ್ನಾಟಕಕ್ಕೆ 29. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಎಂದು ಉಚಿತವಾಗಿ ಗೊತ್ತಾಗುತ್ತದೆ. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವ್ಯವಹಾರದ ಸಣ್ಣ ಕೋಚ್‌ಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಹಾಗಾಗಿ ನಂಬರ್ ಇಲ್ಲ ಎಂದ ಮಾತ್ರಕ್ಕೆ ಮೋಸ ಅನ್ನಬೇಡಿ. ನಂಬರ್ ಹಾಕಿ, ಅದು ಬೇರೆ ಯಾರದ್ದೋ ಆಗಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ವಿಳಾಸದ ಪಕ್ಕದ ಬೀಗದ ಚಿಹ್ನೆ ನೋಡಿ ಸಮಾಧಾನ ಪಡುವವರಿದ್ದಾರೆ. ನಿಮ್ಮ ಫೋನ್ ಮತ್ತು ಆ ಸೈಟಿನ ನಡುವಿನ ಸಂಪರ್ಕ ಗುಪ್ತ ಎಂದಷ್ಟೇ ಅದರ ಅರ್ಥ. ಮೋಸದ ಸೈಟಿಗೂ ಬೀಗ ಸಿಗುತ್ತದೆ. ಅದಕ್ಕಿಂತ 'ಹೂಈಸ್' ಹುಡುಕಾಟದಲ್ಲಿ ಆ ಡೊಮೈನ್ ಯಾವಾಗ ನೋಂದಣಿಯಾಯಿತು ಎಂದು ನೋಡಿ. '12 ವರ್ಷದಿಂದ ನಂಬರ್ ಒನ್' ಎನ್ನುವ ಸೈಟ್ ಹುಟ್ಟಿ ಎರಡು ತಿಂಗಳಾಗಿದ್ದರೆ ಹೇಳುವುದೇನೂ ಉಳಿಯಲಿಲ್ಲ.

5. ಕಟ್ಟುವುದು ಸುಲಭ, ನಿಲ್ಲಿಸುವುದು?

ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಹಣ ಪಡೆಯುವವರ ಹೆಸರು ಬರುತ್ತದೆ. ಸೈಟ್ ಒಂದು ಹೆಸರು, ಖಾತೆ ಇನ್ಯಾರದ್ದೋ ಖಾಸಗಿ ಹೆಸರು ಆದರೆ ಪಿನ್ ಒತ್ತುವ ಮೊದಲು ಕೇಳಿ. 2024ರ ಜುಲೈ 30ರ ಮುಂಡಕ್ಕೈ-ಚೂರಲ್ಮಲ ಭೂಕುಸಿತದ ನಂತರ ಮುಖ್ಯಮಂತ್ರಿ ಪರಿಹಾರ ನಿಧಿಗೆ ಜಗತ್ತಿನೆಲ್ಲೆಡೆಯಿಂದ ಹಣ ಬರುತ್ತಿದ್ದಾಗ, ದುರುಪಯೋಗವಾದೀತು ಎಂದು ಕೇರಳ ಸರಕಾರವೇ ಆ ನಿಧಿಯ ಕ್ಯೂಆರ್ ಕೋಡ್ ವ್ಯವಸ್ಥೆಯನ್ನು ಹಿಂತೆಗೆದುಕೊಂಡಿತ್ತು. ಸರಕಾರಕ್ಕೇ ಅಷ್ಟು ಎಚ್ಚರಿಕೆ ಬೇಕಾದಲ್ಲಿ ನಮಗೆ ಬೇಡವೇ?

'7 ದಿನ ಫ್ರೀ' ಎಂದು ಕಾರ್ಡ್ ಅಥವಾ ಯುಪಿಐ ಆಟೋಪೇ ಒಪ್ಪಿಗೆ ಪಡೆಯುವುದು ಇನ್ನೊಂದು ದಾರಿ. ಎಂಟನೇ ದಿನದಿಂದ ತಿಂಗಳು ತಿಂಗಳೂ ಕಡಿತ. ಸೇರಲು ಒಂದು ಬಟನ್, ಬಿಡಲು ಹತ್ತು ಪುಟ ಇಟ್ಟು ಸಿಕ್ಕಿಸುವುದನ್ನೂ, 'ಇನ್ನು 5 ನಿಮಿಷ ಮಾತ್ರ' ಎಂದು ಸುಳ್ಳು ಅವಸರ ಹುಟ್ಟಿಸುವುದನ್ನೂ 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ನಿಷೇಧಿಸಿದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮೊದಲೇ ಸಂದೇಶ ಬರಬೇಕು. ಆ ಮೆಸೇಜ್ ಓದದೆ ಅಳಿಸಬೇಡಿ. ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ನೀವೇ ರದ್ದು ಮಾಡಬಹುದು, ಸೈಟಿನವರ ಅನುಮತಿ ಬೇಡ.

ರೀಫಂಡ್ ನಿಯಮವನ್ನು ಕಟ್ಟುವ ಮುಂಚೆಯೇ ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ. 'ಪ್ಲಾನ್ ಡೌನ್‌ಲೋಡ್ ಆದರೆ ಹಣ ವಾಪಸ್ ಇಲ್ಲ' ಎಂದಿದ್ದರೆ ಅದು ನೋಡದೆ ಕೊಳ್ಳುವ ಸರಕು. ವರ್ಷದ ಪ್ಯಾಕೇಜ್ ಬೇಡ, ಮೊದಲು ಒಂದು ತಿಂಗಳಿಗೆ ಸೇರಿ ನೋಡಿ.

6. ಪುಡಿ, ಮಾತ್ರೆ, ಇಂಜೆಕ್ಷನ್

ಪ್ಲಾನ್ ಅಗ್ಗ, ಅದರ ಜೊತೆ 'ಕಡ್ಡಾಯ' ಪುಡಿ ಡಬ್ಬಿ ದುಬಾರಿ ಎಂದಾದರೆ ಅಲ್ಲಿ ನಡೆಯುತ್ತಿರುವುದು ಪುಡಿ ವ್ಯಾಪಾರ. ಆಹಾರ ಪೂರಕಗಳ ಡಬ್ಬಿಯಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಅದನ್ನು ಅವರ ಪೋರ್ಟಲ್‌ನಲ್ಲಿ ಪರಿಶೀಲಿಸಬಹುದು. ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ತಗೊಳ್ಳಬೇಡಿ ಎಂದೇ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಮೊಟ್ಟೆ, ಮೀನು, ಕಡಲೆ, ಹೆಸರುಕಾಳು ನಮ್ಮ ಅಡುಗೆಮನೆಯಲ್ಲೇ ಇದೆ.

ಸ್ಟೀರಾಯ್ಡ್ ಇಂಜೆಕ್ಷನ್ ವಿಷಯ ಬಂದರೆ ಚರ್ಚೆಯೇ ಬೇಡ. ವೈದ್ಯರ ಚೀಟಿ ಇಲ್ಲದೆ ಮಾರುವುದು ಅಪರಾಧ. ಹೃದಯ, ಲಿವರ್ ಹಾಳಾಗುತ್ತದೆ, ಮಕ್ಕಳಾಗುವ ಶಕ್ತಿಗೂ ಪೆಟ್ಟು ಬೀಳುತ್ತದೆ.

7. ನಿಮ್ಮ ಫೋಟೋ ಎಲ್ಲಿ ಹೋಗುತ್ತದೆ?

'ಪ್ರೋಗ್ರೆಸ್ ನೋಡಲು' ಎಂದು ಅರೆಬಟ್ಟೆಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕೇಳುವ ಕೋಚ್‌ಗಳಿದ್ದಾರೆ. ಹುಡುಗರಿಗೂ ಹುಡುಗಿಯರಿಗೂ ಹೇಳುವ ಮಾತು ಒಂದೇ, ಕಳಿಸಬೇಡಿ. ಸೊಂಟದ ಅಳತೆ, ತೂಕ, ಎಷ್ಟು ದೂರ ನಡೆದಿರಿ ಎಂಬ ಲೆಕ್ಕ ಸಾಕು. ಆಧಾರ್ ಪ್ರತಿ ಕೇಳಿದರೂ ಕೊಡಬೇಡಿ, ವ್ಯಾಯಾಮಕ್ಕೆ ಆಧಾರ್ ಯಾಕೆ? ಈಗಾಗಲೇ ಕಳಿಸಿ, ಅದನ್ನಿಟ್ಟುಕೊಂಡು ಯಾರಾದರೂ ಹೆದರಿಸುತ್ತಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ, ದುಡ್ಡೂ ಕೊಡಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಪೊಲೀಸರಿಗೆ ದೂರು ಕೊಡಿ. ಮನೆಯವರು ಆಗ ಬೈಯುವ ಬದಲು ಜೊತೆಗೆ ಸ್ಟೇಷನ್‌ಗೆ ಹೋಗಬೇಕು.

'ಮೊದಲು-ನಂತರ' ಫೋಟೋಗಳನ್ನೂ ನಂಬುವ ಮುಂಚೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಅದೇ ಫೋಟೋ ಬೇರೆ ಹೆಸರಿನಲ್ಲಿ ಬೇರೆ ದೇಶದ ಸೈಟಿನಲ್ಲೂ ಸಿಗಬಹುದು. ರಿವ್ಯೂ ಓದುವಾಗ 5 ಸ್ಟಾರ್ ಬಿಡಿ, 2 ಮತ್ತು 3 ಸ್ಟಾರ್‌ನವರು ಏನು ಬರೆದಿದ್ದಾರೆ, ಅದಕ್ಕೆ ಸಂಸ್ಥೆ ಏನು ಉತ್ತರ ಕೊಟ್ಟಿದೆ ನೋಡಿ.

ಮೋಸ ಹೋಗಿದ್ದರೆ

ಹಣ ವಂಚನೆ ಎಂದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಬೇರೆ ಖಾತೆಗಳಿಗೆ ಹರಿದು ಹೋಗುತ್ತದೆ. ಸೇವೆ ಸರಿಯಿಲ್ಲ, ರೀಫಂಡ್ ಕೊಡುತ್ತಿಲ್ಲ ಎಂಬ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ. ಕಂಪೆನಿ ದೆಹಲಿಯದ್ದಾದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ವಯನಾಡಿನವರಿಗೆ ಕಲ್ಪೆಟ್ಟದಲ್ಲಿ, ನಮ್ಮವರಿಗೆ ಮಂಗಳೂರಿನಲ್ಲಿ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವೂ ಅಲ್ಲ. ಬಿಲ್, ಚಾಟ್, ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ಕೆಲಸ ಹಗುರ.

ದುಡ್ಡಿಲ್ಲದೆಯೂ ಆಗುತ್ತದೆ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ, ಎರಡು ದಿನ ಸ್ನಾಯುಗಳಿಗೆ ಕೆಲಸ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ ಆಯಿತು. ಫಜ್ರ್ ನಮಾಝ್ ಮುಗಿಸಿ ಮಲಗುವ ಬದಲು ನಡೆಯಲು ಹೊರಟರೆ ಲೆಕ್ಕ ಸರಿಯಾಯಿತು. ಮಲಪ್ಪುರಂ ಜಿಲ್ಲೆಯ ಕೊಂಡೋಟ್ಟಿಯಲ್ಲಿ ಶುರುವಾಗಿ ಮಲಬಾರಿನಲ್ಲಿ ಹರಡಿದ ಮೆಕ್ ಸೆವೆನ್ ಬೆಳಗಿನ ವ್ಯಾಯಾಮಕ್ಕೆ ಶುಲ್ಕವಿಲ್ಲ. ಮೈದಾನದಲ್ಲಿ ಎಲ್ಲರೆದುರು ಮಾಡುವುದರಿಂದ ಯಾರಿಗಾದರೂ ತಲೆಸುತ್ತಿದರೆ ಹಿಡಿಯಲು ಪಕ್ಕದಲ್ಲಿ ಜನ ಇರುತ್ತಾರೆ. ಕೇಂದ್ರ ಸರಕಾರದ ಫಿಟ್ ಇಂಡಿಯಾ ಆ್ಯಪ್ ಕೂಡ ಉಚಿತ. ಬಿಪಿ, ಶುಗರ್ ಪರೀಕ್ಷೆಗೆ ಕೇರಳದಲ್ಲಿ ಕುಟುಂಬ ಆರೋಗ್ಯ ಕೇಂದ್ರ, ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ.

ಇಷ್ಟಾಗಿಯೂ ಆನ್‌ಲೈನ್ ಕೋಚ್ ಬೇಕು ಎನಿಸಿದರೆ ಖಂಡಿತ ಸೇರಿ, ಪ್ರಾಮಾಣಿಕವಾಗಿ ಕೆಲಸ ಮಾಡುವವರೂ ಅಲ್ಲಿದ್ದಾರೆ. ಹಣ ಕಟ್ಟುವ ಮೊದಲು ಈ ಐದು ಪ್ರಶ್ನೆ ಬರೆದು ಕಳಿಸಿ: ನನ್ನ ಪ್ಲಾನ್ ಬರೆಯುವವರ ಹೆಸರು ಮತ್ತು ಅರ್ಹತೆ ಏನು? ನನಗಿರುವ ಈ ಕಾಯಿಲೆಗೆ, ಈ ಔಷಧಿಗೆ ಏನು ಬದಲಿಸುತ್ತೀರಿ? ರಮಝಾನ್‌ನಲ್ಲಿ ಹೇಗೆ? ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ, ಎಷ್ಟು ದಿನದಲ್ಲಿ ವಾಪಸ್? ನಿಮ್ಮ ದೂರು ಅಧಿಕಾರಿ ಯಾರು? ಎರಡು ದಿನ ಕಾಯಿರಿ. ಐದಕ್ಕೂ ನೇರ ಉತ್ತರ ಬಂದರೆ ಒಂದು ತಿಂಗಳಿಗೆ ಸೇರಿ ನೋಡಿ. 'ಮೊದಲು ಪೇ ಮಾಡಿ, ಆಮೇಲೆ ಹೇಳ್ತೇವೆ' ಎಂದು ಬಂದರೆ ನಂಬರ್ ಬ್ಲಾಕ್ ಮಾಡಿ, ಚಪ್ಪಲಿ ಹಾಕಿಕೊಂಡು ನಡೆಯಲು ಹೋಗಿ.